ಶೇಕಡಾ ಎಪ್ಪತ್ತು

ಗುರುವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ನಾವು ನಾಲ್ವರು ಬಸ್ಸಿನಿಂದ ಇಳಿದೆವು. ಅಲ್ಲಿಂದ ಮುಂದೆ ರಸ್ತೆ ಇರಲಿಲ್ಲ. ಬೆಟ್ಟಸಾಲನ್ನು ನಡೆದು ದಾಟಿ, ಆಚೆ ಬದಿಯ ಊರಿಗೆ ಇಳಿದು, ಭಾನುವಾರ ಮಧ್ಯಾಹ್ನ ಮೂರರ ಬಸ್ಸು ಹಿಡಿಯಬೇಕಿತ್ತು. ನಕ್ಷೆಯ ಪ್ರಕಾರ ಒಟ್ಟು ನಲವತ್ತೆರಡು ಕಿಲೋಮೀಟರ್. ನಕ್ಷೆ ನನ್ನ ಜೇಬಿನಲ್ಲಿತ್ತು.

ನಾಲ್ವರೆಂದರೆ ಒಬ್ಬ ಟೈಲರ್, ಬೇಕರಿ ನಡೆಸುವ ಗೆಳತಿ, ನನ್ನ ಭಾವ, ನಾನು. ಭಾವ ಬೆಟ್ಟದ ರಸ್ತೆಯ ಬಸ್ ಡ್ರೈವರ್. ನನ್ನ ಅಕ್ಕನನ್ನು ಮದುವೆಯಾಗುವ ಮೊದಲೇ ನಮ್ಮ ಗುಂಪಿನವನು. ಹಾಗಾಗಿ ನಾನು ಅವನನ್ನು ಏಕವಚನದಲ್ಲೇ ಮಾತಾಡಿಸುತ್ತೇನೆ, ಉಳಿದಿಬ್ಬರೂ ಸಂಬಂಧವಿಲ್ಲದಿದ್ದರೂ ಭಾವ ಎಂದೇ ಕರೆಯುತ್ತಾರೆ. ನಾನು ಪತ್ರಿಕೆಯೊಂದರಲ್ಲಿ ಪುಟ ಕಟ್ಟುವವನು. ಸುದ್ದಿ, ಚಿತ್ರ, ಜಾಹೀರಾತು ಏನೇ ಬರಲಿ, ಇರುವ ಜಾಗಕ್ಕೆ ಹೊಂದಿಸುವುದು ನನ್ನ ಕೆಲಸ. ಗೆಳೆಯರು ನನ್ನನ್ನು ಕರೆಯುವುದು ಪ್ರೂಫು ಎಂದು. ಯಾರಾದರೂ ಸುಮಾರು ಹತ್ತು ಗಂಟೆಗೆ ಎಂದರೆ ನಾನು ಒಂಬತ್ತೂ ಐವತ್ತೆರಡು ಎಂದು ತಿದ್ದುತ್ತೇನಂತೆ.

ಈ ಚಾರಣ ಭಾವನಿಗಾಗಿ. ಇಪ್ಪತ್ತೊಂದು ವರ್ಷ ತಿರುವುಗಳ ರಸ್ತೆಯಲ್ಲಿ ಒಂದು ಗೀರೂ ಬೀಳದಂತೆ ಬಸ್ಸು ಓಡಿಸಿದವನು, ಹದಿನಾಲ್ಕು ತಿಂಗಳ ಹಿಂದೆ ಡಿಪೋದ ಬಚ್ಚಲಲ್ಲಿ ಜಾರಿ ಎಡ ಮಂಡಿ ಮುರಿದುಕೊಂಡ. ಎಡಗಾಲು ಎಂದರೆ ಕ್ಲಚ್ಚಿನ ಕಾಲು. ಆಪರೇಷನ್ ಆಯಿತು. ಮೂಳೆ ಕೂಡಿದೆ, ಊರುಗೋಲು ಹಿಡಿದು ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡೆಯಬಹುದು ಎಂದು ಡಾಕ್ಟರು ಬರೆದುಕೊಟ್ಟರು. ಉಳಿದದ್ದು ಧೈರ್ಯದ ಮಾತು, ಅದಕ್ಕೆ ತಮ್ಮ ಹತ್ತಿರ ಎಕ್ಸ್‌ರೇ ಇಲ್ಲ ಎಂದೂ ಹೇಳಿದರು. ಡಿಪೋದವರು ಒಂದು ಅರ್ಜಿ ಕೊಟ್ಟಿದ್ದರು. ಅದರಲ್ಲಿ ಎರಡು ಚೌಕ: ಚಾಲನೆ, ಟಿಕೆಟ್ ಕೌಂಟರ್. ಸೋಮವಾರ ಒಂದಕ್ಕೆ ಗುರುತು ಹಾಕಿ ಕೊಡಬೇಕು. ಕೌಂಟರ್ ಎಂದು ಹಾಕಿದರೆ ಮತ್ತೆ ಸ್ಟಿಯರಿಂಗಿಗೆ ಬರುವಂತಿಲ್ಲ.

ಭಾವ ತನಗೆ ತಾನೇ ಪರೀಕ್ಷೆ ಇಟ್ಟುಕೊಂಡಿದ್ದ. ಬೆನ್ನ ಮೇಲೆ ಚೀಲ ಹೊತ್ತು, ಡಾಕ್ಟರು ಹೇಳಿದ ಹನ್ನೆರಡರ ಒಳಗೆ, ದಿನಾ ಸಂಜೆ ಐದಕ್ಕೆ ಮುಂಚೆ ತಂಗುವ ಜಾಗ ಮುಟ್ಟಬೇಕು. ನಾಲ್ಕು ದಿನ ಅಷ್ಟಾದರೆ ಚಾಲನೆ. ಆಗದಿದ್ದರೆ ಕೌಂಟರ್. ಅರವತ್ತು ಜನ ಹಿಂದೆ ಕೂತಿರುವಾಗ ಕಾಲನ್ನು ಅನುಮಾನಿಸುತ್ತಾ ಇಳಿಜಾರು ಇಳಿಯುವುದು ತನ್ನಿಂದಾಗದು ಎಂದಿದ್ದ.

ಅಕ್ಕನಿಗೆ ಕೌಂಟರೇ ಬೇಕಿತ್ತು. ಹೊರಡುವ ಹಿಂದಿನ ದಿನ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಅರ್ಧ ಮುಚ್ಚಿದಳು. ಇಪ್ಪತ್ತೊಂದು ವರ್ಷ ಕಿಟಕಿ ಕಾದದ್ದು ಸಾಕಾಗಿದೆ, ಆರಕ್ಕೆ ಮನೆಗೆ ಬರುವ ಗಂಡ ಹೇಗಿರುತ್ತಾನೆ ಎಂದು ಒಮ್ಮೆ ನೋಡಬೇಕು ಎಂದಳು. ಆಮೇಲೆ ದನಿ ತಗ್ಗಿಸಿದಳು. "ಅವರಿಗೆ ಸ್ವಲ್ಪ ಚೆನ್ನಾಗೇ ಸುಸ್ತು ಮಾಡಿಸು ಕಣೋ. ಬೀಳಿಸಬೇಡ. ಸುಸ್ತು ಅಷ್ಟೇ." ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ನಕ್ಷೆ ತಯಾರಿಸಿದ್ದು ನಾನೇ. ಗ್ರಂಥಾಲಯದಿಂದ ಮೇಜಿನಷ್ಟು ಅಗಲದ ಹಾಳೆ ತಂದು, ಆಫೀಸಿನಲ್ಲಿ ಸ್ಕ್ಯಾನ್ ಮಾಡಿ, ನಮ್ಮ ದಾರಿ ಒಂದೇ ಹಾಳೆಯಲ್ಲಿ ಬರುವಂತೆ ಹೊಂದಿಸಿದೆ. ಮೂಲೆಯಲ್ಲಿ ಕಪ್ಪುಬಿಳುಪಿನ ಸಣ್ಣ ಅಳತೆಪಟ್ಟಿ ಜಾಗ ತಿನ್ನುತ್ತಿತ್ತು, ಕತ್ತರಿಸಿದೆ. ಅಡಿಬರಹದ ಅಕ್ಷರ ಮಸುಕಾಗಿತ್ತು, ದಪ್ಪಕ್ಷರದಲ್ಲಿ ಹೊಸದಾಗಿ ಕೂರಿಸಿದೆ: ಒಂದು ಸೆಂಟಿಮೀಟರಿಗೆ ಐನೂರು ಮೀಟರ್. ದಾರಿಯ ಮೇಲೆ ದಾರವಿಟ್ಟು ಅಳೆದು ದಿನಗಳನ್ನು ಹಂಚಿದೆ. ನಾಲ್ಕು ಪ್ರತಿ ತೆಗೆದು ಪ್ಲಾಸ್ಟಿಕ್ ಹೊದಿಸಿದೆ. ಇಷ್ಟು ಅಚ್ಚುಕಟ್ಟಾದ ನಕ್ಷೆ ಹಿಡಿದು ದಾರಿ ತಪ್ಪಲು ನಾಚಿಕೆಯಾಗುತ್ತದೆ ಎಂದು ಬೇಕರಿಯವಳು ಹೊಗಳಿದಳು.

ಮೊದಲ ದಿನ ಹತ್ತೂವರೆ ಕಿಲೋಮೀಟರ್. ಭಾವ ಬೂಟಿನ ದಾರ ಬಿಗಿದು, ಹಿಂದೆ ತಿರುಗಿ ಎಲ್ಲರೂ ಹತ್ತಿದ್ದಾರಾ ಎಂಬಂತೆ ನೋಡಿ, "ರೈಟ್" ಎಂದ. ನಡೆಯತೊಡಗಿದೆವು. ಕಾಡಿನ ಏರು, ಆಮೇಲೆ ಹುಲ್ಲಿನ ಏರು, ಆಮೇಲೆ ಏನೂ ಬೆಳೆಯದ ಕಲ್ಲಿನ ಏರು. ಬೇಕರಿಯವಳ ಚೀಲ ಹದಿನಾಲ್ಕು ಕಿಲೋ ತೂಗುತ್ತಿತ್ತು, ಅದರಲ್ಲಿ ಐದು ಕಿಲೋ ಬ್ರೆಡ್ಡು. ದಿನಾ ಬೆಳಗಿನ ಮೂರಕ್ಕೆ ಹಿಟ್ಟು ನಾದುವವಳಿಗೆ ಪ್ಯಾಕೆಟ್ ಬಿಸ್ಕತ್ತು ತಿಂದು ಬದುಕುವುದು ಅವಮಾನವಂತೆ. ಟೈಲರ್ ತನ್ನ ಚೀಲದ ಪಟ್ಟಿಯ ಹೊಲಿಗೆಯನ್ನು ಬೈಯುತ್ತಾ ನಡೆದ. ಅಂಗಡಿಯವನು ಒಂಟಿ ಹೊಲಿಗೆ ಹಾಕಿ ಜೋಡಿ ಹೊಲಿಗೆ ಅಂತ ಮಾರಿದ್ದಾನೆ ಎಂಬುದು ದೂರು. ಮಧ್ಯಾಹ್ನ ಎರಡಕ್ಕೆ ಬೈಗುಳ ನಿಂತಿತು. ಆಗ ಅವನಿಗೆ ಉಸಿರಿರಲಿಲ್ಲ.

ಮೂರೂವರೆಗೆ ಮುಟ್ಟಬೇಕಾದ ಹೊಳೆದಂಡೆ ಮುಟ್ಟಿದಾಗ ಐದೂ ನಲವತ್ತು. ಭಾವ ಗಡಿಯಾರ ನೋಡಿಕೊಂಡ. ಬೇಕರಿಯವಳ ಕೈಗಡಿಯಾರ ಹೆಜ್ಜೆ ಎಣಿಸುತ್ತಿತ್ತು. ಅದು ಹದಿನೈದು ಕಿಲೋಮೀಟರ್ ಎಂದು ತೋರಿಸಿತು. ಏರಿನಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ಗಡಿಯಾರಕ್ಕೆ ಅದು ಗೊತ್ತಾಗುವುದಿಲ್ಲ, ಅಚ್ಚಾಗಿರುವುದನ್ನು ನಂಬಬೇಕು ಎಂದು ನಾನು ಸಣ್ಣ ಉಪನ್ಯಾಸ ಕೊಟ್ಟೆ. ಅವಳು ಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿಬಿಟ್ಟಳು.

ಎರಡನೇ ದಿನ ಹನ್ನೆರಡಕ್ಕೆ ನೂರು ಮೀಟರ್ ಕಮ್ಮಿ. ಎರಡು ಶಿಖರಗಳ ನಡುವಿನ ತಗ್ಗನ್ನು ಹತ್ತಿ ಆಚೆ ಇಳಿಯಬೇಕಿತ್ತು. ಕೊನೆಯ ಮುನ್ನೂರು ಮೀಟರ್ ಸಡಿಲ ಕಲ್ಲು. ಮೂರು ಹೆಜ್ಜೆ ಇಟ್ಟರೆ ಒಂದು ಹಿಂದಕ್ಕೆ. ಗಾಳಿಗೆ ಮಾತು ಕೇಳಿಸುತ್ತಿರಲಿಲ್ಲ. ಬಂಡೆಯ ಅಂಚಿನಲ್ಲಿ ಯಾರೋ ಹಿಂದೆ ಕಟ್ಟಿದ್ದ ಸರಪಳಿ ಹಿಡಿದು ಒಬ್ಬೊಬ್ಬರಾಗಿ ದಾಟಿದೆವು. ಭಾವ ಎಡಗಾಲನ್ನು ಪ್ರತಿ ಸಲ ಮೊದಲು ಊರಿ, ಭಾರ ಬಿಟ್ಟು ನೋಡಿ, ಆಮೇಲೆ ಬಲಗಾಲು ಎತ್ತುತ್ತಿದ್ದ. ಆ ದಿನ ಟೆಂಟು ಹಾಕಿದ್ದು ಆರೂವರೆಗೆ.

ನನಗೋಸ್ಕರ ನೀವೆಲ್ಲ ನಿಧಾನ ಮಾಡುತ್ತಿದ್ದೀರಿ ಎಂದು ಭಾವ ಅಂದ. ಇಲ್ಲ ಎಂದು ಯಾರೂ ಹೇಳಲಿಲ್ಲ. ಇದೊಂದು ವಿಷಯ ನಾವು ಮೂವರೂ ಆಮೇಲೆ ಒಪ್ಪಿಕೊಂಡೆವು: ಪ್ರತಿಯೊಬ್ಬರಿಗೂ ತನಗೆ ಮಾತ್ರ ಸುಸ್ತಾಗಿದೆ ಎನ್ನಿಸಿತ್ತು, ಭಾವನಿಗಾಗಿ ನಿಧಾನ ಮಾಡುತ್ತಿದ್ದೇನೆ ಎಂಬ ನೆಪ ಹಿತವಾಗಿತ್ತು. ಟೈಲರ್ ಅಂತೂ ಒಂದು ಏರಿನ ನಡುವೆ ಮಂಡಿಯೂರಿ ಕೂತು, ಭಾವ ಬರಲಿ ಅಂತ ಕಾಯುತ್ತಿದ್ದೇನೆ ಎಂದಿದ್ದ. ಭಾವ ಆಗ ಅವನಿಗಿಂತ ಇಪ್ಪತ್ತು ಹೆಜ್ಜೆ ಮುಂದಿದ್ದ.

ಶನಿವಾರ ಹನ್ನೊಂದು ಕಿಲೋಮೀಟರ್ ಇನ್ನೂರು ಮೀಟರ್. ಸರೋವರದ ಬದಿಯ ತಂಗುಮನೆ ಮುಟ್ಟಿದಾಗ ಐದೂ ಐವತ್ತು. ಕಲ್ಲಿನ ಗೋಡೆ, ಎರಡು ಸಾಲು ಹಲಗೆ ಮಂಚ, ಒಂದು ಒಲೆ. ಹೊರಗಿನ ಬೆಂಚಿನ ಮೇಲೆ ಭಾವ ಚೀಲ ಇಳಿಸಿ ಕೂತ. ನಾವು ಪಕ್ಕದಲ್ಲಿ ನಿಂತೆವು.

"ಆಯ್ತು," ಅಂದ. "ಹನ್ನೊಂದು ಕಿಲೋಮೀಟರಿಗೆ ಹನ್ನೊಂದು ಗಂಟೆ. ಇದಕ್ಕಿಂತ ನಮ್ಮಜ್ಜಿ ಜೋರಾಗಿ ನಡೀತಿದ್ಲು. ಸೋಮವಾರ ಕೌಂಟರ್ ಅಂತ ಹಾಕ್ತೀನಿ."

ಬೇಕರಿಯವಳು ಬ್ರೆಡ್ಡು ಕತ್ತರಿಸಲು ಒಳಗೆ ಹೋದಳು. ನಾನೂ ಒಲೆ ಹಚ್ಚುವ ನೆಪದಲ್ಲಿ ಒಳಗೆ ಹೋದೆ. ಒಲೆಯ ಮೇಲಿನ ಗೋಡೆಗೆ ಒಂದು ನಕ್ಷೆ ಹೊಡೆದಿದ್ದರು. ನನ್ನದೇ ನಕ್ಷೆ, ಅದೇ ಬಣ್ಣ, ಅದೇ ಸರೋವರ. ಕೆಳಗೆ ಅದೇ ವಾಕ್ಯ: ಒಂದು ಸೆಂಟಿಮೀಟರಿಗೆ ಐನೂರು ಮೀಟರ್. ಆದರೆ ಸರೋವರ ದೊಡ್ಡದಿತ್ತು.

ಪುಟ ಕಟ್ಟುವವನ ಜೇಬಿನಲ್ಲಿ ಯಾವಾಗಲೂ ಒಂದು ಸ್ಟೀಲ್ ಸ್ಕೇಲ್ ಇರುತ್ತದೆ. ಅಳೆದೆ. ಗೋಡೆಯ ಮೇಲಿನ ಸರೋವರ ಐದು ಸೆಂಟಿಮೀಟರ್. ನನ್ನ ಹಾಳೆಯದ್ದು ಮೂರೂವರೆ. ಮಂಗಳವಾರ ಸಂಜೆ ಆಫೀಸಿನಲ್ಲಿ ನಕ್ಷೆಯನ್ನು ಒಂದೇ ಹಾಳೆಗೆ ಕೂರಿಸಲು ಕೊಟ್ಟ ಸಂಖ್ಯೆ ನೆನಪಾಯಿತು: ಶೇಕಡಾ ಎಪ್ಪತ್ತು. ಚಿತ್ರ ಕುಗ್ಗಿಸಿದ್ದೆ. ಅಡಿಬರಹ ಹಾಗೇ ಬಿಟ್ಟಿದ್ದೆ. ಚಿತ್ರದ ಜೊತೆಗೇ ಕುಗ್ಗಿ ಸುಳ್ಳು ಹೇಳದೆ ಉಳಿಯುತ್ತಿದ್ದ ಅಳತೆಪಟ್ಟಿಯನ್ನು ಜಾಗ ಸಾಲದೆಂದು ನಾನೇ ಕತ್ತರಿಸಿದ್ದೆ. ಮುಖದ ಚಿತ್ರಕ್ಕೂ ಕಟ್ಟಡದ ಚಿತ್ರಕ್ಕೂ ದಿನಾ ಮಾಡುವ ಕೆಲಸ. ಅವುಗಳ ಅಡಿಬರಹ ಎಷ್ಟು ಕುಗ್ಗಿಸಿದರೂ ನಿಜವಾಗಿಯೇ ಉಳಿಯುತ್ತದೆ.

ಲೆಕ್ಕ ಹಾಕಿದೆ. ಮೊದಲ ದಿನ ನಿಜವಾಗಿ ನಡೆದದ್ದು ಹದಿನೈದು ಕಿಲೋಮೀಟರ್. ಎರಡನೇ ದಿನ ಹದಿನೇಳು. ಆ ದಿನ ಹದಿನಾರು.

ಸುಮ್ಮನಿರಬಹುದಿತ್ತು. ಗೊತ್ತಿದ್ದವನು ನಾನೊಬ್ಬನೇ. ಸುಮ್ಮನಿದ್ದರೆ ಅಕ್ಕನಿಗೆ ಸಂಜೆ ಆರಕ್ಕೆ ಗಂಡ ಬರುತ್ತಾನೆ. ಪ್ರೂಫಿನ ಮರ್ಯಾದೆಯೂ ಉಳಿಯುತ್ತದೆ. ಹೇಳಿದರೆ, ಅಕ್ಕನೂ ತಮ್ಮನೂ ಸೇರಿ ಬೇಕೆಂದೇ ಮಾಡಿದರು ಎಂದು ಭಾವ ತಿಳಿಯಬಹುದು. ಅಡುಗೆಮನೆಯಲ್ಲಿ ನಾನು ಉಹೂಂ ಅಂದಿರಲಿಲ್ಲ. ಪತ್ರಿಕೆಯಲ್ಲಾದರೆ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿ ಮುಗಿಸುತ್ತೇವೆ. ಇಲ್ಲಿ ಆ ಸೌಲಭ್ಯ ಇರಲಿಲ್ಲ. ಗೋಡೆಯ ನಕ್ಷೆಯನ್ನು ಮೊಳೆ ಸಮೇತ ಕಿತ್ತು ಹೊರಗೆ ತಂದು ಬೆಂಚಿನ ಮೇಲೆ ಹರಡಿದೆ, ಪಕ್ಕದಲ್ಲಿ ನನ್ನದನ್ನೂ ಸ್ಕೇಲನ್ನೂ ಇಟ್ಟೆ.

ಹೇಳಿ ಮುಗಿಸಲು ಎರಡು ನಿಮಿಷ ಹಿಡಿಯಿತು. ಭಾವ ಸ್ಕೇಲ್ ತೆಗೆದುಕೊಂಡು ತಾನೇ ಎರಡು ಸಲ ಅಳೆದ.

"ನಿನ್ನೆ ಹದಿನೇಳಾ?"

"ಹದಿನೇಳು."

"ಆ ಕಲ್ಲಿನ ಏರು ಸೇರಿ?"

"ಸೇರಿ. ಮೂರು ದಿನಕ್ಕೆ ನಲವತ್ತೆಂಟು."

ಭಾವ ಸ್ಕೇಲನ್ನು ಬೆಂಚಿನ ಮೇಲಿಟ್ಟ. "ನಿಮ್ಮಕ್ಕ ಹೇಳಿಕೊಟ್ಲಾ?"

ಸುಸ್ತು ಮಾಡಿಸು ಎಂದು ಹೇಳಿದ್ದು ನಿಜ, ನಾನು ಬಾಯಿ ಬಿಡದೆ ಬಂದದ್ದೂ ನಿಜ, ಆದರೆ ನಕ್ಷೆ ನನ್ನ ಸ್ವಂತ ತಪ್ಪು, ಅದರಲ್ಲಿ ಅವಳಿಗೆ ಪಾಲಿಲ್ಲ ಎಂದೆ.

"ಅದು ಗೊತ್ತು ಬಿಡು," ಅಂದ ಭಾವ. "ಅವಳೇ ಮಾಡಿದ್ರೆ ಇಷ್ಟು ಅಚ್ಚುಕಟ್ಟಾಗಿ ಇರ್ತಿರಲಿಲ್ಲ."

ಬಾಗಿಲಲ್ಲಿ ಬ್ರೆಡ್ಡಿನ ಚಾಕು ಹಿಡಿದು ನಿಂತಿದ್ದ ಬೇಕರಿಯವಳು ಚೀಲದಿಂದ ಕೈಗಡಿಯಾರ ತಂದು ನನ್ನ ಮುಂದೆ ಇಟ್ಟಳು. ಮೊದಲು ಇದರ ಕ್ಷಮೆ ಕೇಳು ಎಂದಳು. ಕೇಳಿದೆ. ಸಾಲದು, ನಿಂತು ಕೇಳು ಎಂದಳು. ನಿಂತು ಕೇಳಿದೆ. ಟೈಲರ್ ನನ್ನ ಎರಡೂ ಹೆಗಲ ಮೇಲೆ ಕೈಯಿಟ್ಟು, ತಾನು ಗಿರಾಕಿಯ ಪ್ಯಾಂಟನ್ನು ಶೇಕಡಾ ಎಪ್ಪತ್ತಕ್ಕೆ ಕತ್ತರಿಸಿ ಚೀಟಿಯಲ್ಲಿ ಪೂರ್ತಿ ಅಳತೆ ಬರೆದಿಟ್ಟರೆ ಏನಾಗುತ್ತದೆ ಗೊತ್ತಾ ಎಂದು ಕೇಳಿದ. ಅವನ ಮುಖದಲ್ಲಿ ಸಿಟ್ಟಿಗಿಂತ ಸಮಾಧಾನ ಹೆಚ್ಚಿತ್ತು. ಮಂಡಿಯೂರಿ ಕೂತದ್ದಕ್ಕೆ ಅವನಿಗೂ ಈಗ ಕಾರಣ ಸಿಕ್ಕಿತ್ತು.

ನಗು ಮುಗಿದ ಮೇಲೆ ನನಗೆ ಇನ್ನೊಂದು ಹೆದರಿಕೆ ಹೊಳೆಯಿತು. ಡಾಕ್ಟರು ಹೇಳಿದ್ದು ಹನ್ನೆರಡು. ಮೂರು ದಿನವೂ ಅದನ್ನು ಮೀರಿದ್ದೆವು. ಮಂಡಿ ಊದಿದ್ದರೆ ಈ ಸಂತೋಷಕ್ಕೆ ಅರ್ಥವಿಲ್ಲ. ಭಾವ ಪ್ಯಾಂಟು ಮೇಲಕ್ಕೆ ಮಡಚಿದ. ಟೈಲರ್ ಕುತ್ತಿಗೆಯಿಂದ ಟೇಪು ತೆಗೆದ. ಬೆಟ್ಟಕ್ಕೂ ಅದನ್ನು ಹಾಕಿಕೊಂಡೇ ಬಂದಿದ್ದ. ಬಲ ಮಂಡಿ ಹದಿನೈದು ಇಂಚು. ಎಡ ಮಂಡಿ ಹದಿನೈದೂ ಕಾಲು.

ಟೈಲರ್ ಮತ್ತೊಮ್ಮೆ ಸುತ್ತಿ ನೋಡಿ ಟೇಪನ್ನು ಕುತ್ತಿಗೆಗೆ ಹಾಕಿಕೊಂಡ.

"ಕಾಲಿಂಚು ಹಳೇದು," ಅಂದ. "ಆಪರೇಷನ್ ಆದ್ಮೇಲೆ ಎರಡು ಪ್ಯಾಂಟು ಹೊಲಿದುಕೊಟ್ಟಿದ್ದೀನಲ್ಲ. ಎಡಗಡೆ ಕಾಲಿಂಚು ಸಡಿಲ ಬಿಟ್ಟೇ ಕತ್ತರಿಸಿದ್ದು. ನಿನಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ."

ಭಾವ ಪ್ಯಾಂಟಿನ ಎರಡೂ ಕಾಲುಗಳನ್ನು ಜೋಡಿಸಿ ನೋಡಿಕೊಂಡ. ಆಮೇಲೆ ಎದ್ದು ನಿಂತು, ನಾಳೆ ನಿಜವಾಗಿ ಎಷ್ಟು ಎಂದು ಕೇಳಿದ. ನನ್ನ ಹಾಳೆಯಲ್ಲಿ ಎಂಟು ಕಿಲೋಮೀಟರ್ ನಾನೂರು ಮೀಟರ್ ಇತ್ತು. ನಿಜವಾಗಿ ಹನ್ನೆರಡು. ಎಂಟಕ್ಕೆ ಹೊರಡುವುದೆಂದು ಮಾಡಿದ್ದ ಯೋಜನೆಯಲ್ಲಿ ಮೂರರ ಬಸ್ಸು ಖಂಡಿತ ತಪ್ಪುತ್ತಿತ್ತು. ಐದೂವರೆಗೆ ಹೊರಡಬೇಕೆಂದು ಅವನೇ ನಿರ್ಧರಿಸಿದ. ಗೋಡೆಯ ನಕ್ಷೆಯನ್ನು ಅದೇ ಮೊಳೆಯಿಂದ ವಾಪಸ್ ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು.

ಭಾನುವಾರದ ದಾರಿ ಪೂರ್ತಿ ಇಳಿಜಾರು. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೊದಲ ಎರಡು ಗಂಟೆ ಎತ್ತರದ ಕಲ್ಲುಮೆಟ್ಟಿಲು, ಆಮೇಲೆ ಬೇರುಗಳು, ಆಮೇಲೆ ಮೊಣಕಾಲುದ್ದ ನೀರಿನ ಹೊಳೆ. ಭಾವ ಮುಂದೆ ನಡೆದ. ಹಿಂದಿನ ದಿನಗಳಂತೆ ಎಡಗಾಲನ್ನು ಊರಿ ಪರೀಕ್ಷಿಸಲಿಲ್ಲ ಎಂದರೆ ಸುಳ್ಳಾದೀತು. ಹೊಳೆ ದಾಟುವವರೆಗೂ ಪರೀಕ್ಷಿಸುತ್ತಿದ್ದ. ಆಮೇಲೆ ಬೇಕರಿಯವಳು ಐದು ಕಿಲೋ ಬ್ರೆಡ್ಡು ಮುಗಿದು ಚೀಲ ಹಗುರಾದ ಖುಷಿಗೆ ಅವನನ್ನು ದಾಟಿ ಮುಂದೆ ಹೋದಳು. ಓವರ್‌ಟೇಕ್ ಮಾಡೋ ಮೊದಲು ಹಾರ್ನ್ ಹೊಡೀಬೇಕು ಎಂದು ಅವನು ಹಿಂದೆ ಬಿದ್ದ. ಇಬ್ಬರೂ ಊರಂಚಿನ ಬೇಲಿಯ ತನಕ ಜಗಳವಾಡುತ್ತಾ ಇಳಿದರು. ಆ ಹೊತ್ತಿನಲ್ಲಿ ಯಾವ ಕಾಲು ಮೊದಲು ಊರಿದ ಎಂದು ನೋಡಲು ನಾನು ಅಷ್ಟು ಹತ್ತಿರ ಇರಲಿಲ್ಲ. ನಾನು ಎಲ್ಲರಿಗಿಂತ ಹಿಂದಿದ್ದೆ.

ಎರಡೂ ಇಪ್ಪತ್ತೈದಕ್ಕೆ ಬಸ್ ನಿಲ್ದಾಣ ಮುಟ್ಟಿದೆವು. ಬಸ್ಸು ಮೂರೂ ಐದಕ್ಕೆ ಬಂತು. ಅದನ್ನು ಮೂರು ಎಂದು ಬರೆಯಬಹುದಾ ಎಂದು ಟೈಲರ್ ಕೇಳಿದ. ನಾನು ಟಿಕೆಟ್ಟಿಗೆ ಚಿಲ್ಲರೆ ಎಣಿಸತೊಡಗಿದೆ.

ಭಾವ ಡ್ರೈವರ್ ಹಿಂದಿನ ಸೀಟು ಹಿಡಿದ. ಆ ಊರಿನಿಂದ ಕೆಳಗಿಳಿಯುವ ಇಪ್ಪತ್ತೇಳು ತಿರುವುಗಳ ರಸ್ತೆಯಲ್ಲಿ, ಪ್ರತಿ ತಿರುವಿಗೂ ಬಸ್ಸಿನ ಡ್ರೈವರ್ ಕ್ಲಚ್ ಒತ್ತುವ ಒಂದು ಕ್ಷಣ ಮೊದಲು ಅವನ ಎಡಗಾಲು ಸೀಟಿನ ಕೆಳಗಿನ ತಗಡನ್ನು ಒತ್ತುತ್ತಿತ್ತು.

ಸೋಮವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ ಅವನು ಡಿಪೋ ಕಚೇರಿಯಲ್ಲಿ ಚಾಲನೆ ಎಂಬ ಚೌಕಕ್ಕೆ ಗುರುತು ಹಾಕಿದ. ಮೊದಲ ಮೂರು ತಿಂಗಳು ಹಗಲಿನ ಬಸ್ಸು, ಆಮೇಲೆ ಮತ್ತೊಮ್ಮೆ ತಪಾಸಣೆ ಎಂದು ಷರತ್ತು ಹಾಕಿದರು. ಅಕ್ಕ ನನ್ನ ಜೊತೆ ಹನ್ನೊಂದು ದಿನ ಮಾತಾಡಲಿಲ್ಲ.