ಪಂಪಿನಲ್ಲಿ ಉಳಿದ ಎಣ್ಣಿ

ನನ್ನ ಗೋವಿನಜೋಳದ ಹೊಲದಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಅದು ಕಿರವತ್ತಿಯಲ್ಲಿ ಹೆದ್ದಾರಿಗೆ ತಾಗಿಕೊಂಡಿತ್ತು, ಅಷ್ಟೇ. ದೊಡ್ಡ ಸಾಹೇಬರು ಬರುವುದು ಹುಬ್ಬಳ್ಳಿ ಕಡೆಯಿಂದ, ಗಾಡಿಯಿಂದ ಇಳಿಯದೆಯೇ ಅವರಿಗೆ ಬೋರ್ಡು ಕಾಣಬೇಕು. ಹಾಗಾಗಿ ಸರಕಾರದ ಕೃಷಿ ಯೋಜನೆಯವರು ಪ್ರಾತ್ಯಕ್ಷಿಕೆಗೆ ನನ್ನ ಹೊಲವನ್ನೇ ಆರಿಸಿದರು. ಸುತ್ತಲಿನ ರೈತರು ನೋಡಿ ಕಲಿಯಲಿ ಎಂದು ಮಾಡುವ ಹೊಲವಂತೆ ಅದು. ಹಸಿರು ಬೋರ್ಡಿನಲ್ಲಿ ಯೋಜನೆಯ ಹೆಸರು ದೊಡ್ಡದಾಗಿ, ಅಡಿಯಲ್ಲಿ ‘ರೈತ ಮಹಿಳೆ: ತಸ್ಲೀಮ್’ ಎಂದು ಸಣ್ಣದಾಗಿ ಬರೆಸಿದರು. ಪಕ್ಕದಲ್ಲೇ ಧಾಬಾ ನಡೆಸುವ ನನ್ನ ಗಂಡ ಅಖ್ತರ್, ಊಟಕ್ಕೆ ನಿಂತ ಲಾರಿಯವರಿಗೆಲ್ಲ ಆ ಬೋರ್ಡು ತೋರಿಸಿ ಬೀಗುತ್ತಿದ್ದ.

ಯೋಜನೆಯ ಅಧಿಕಾರಿ ಶಶಾಂಕ. ಮೈಸೂರು ಕಡೆಯವನು, ಒಳ್ಳೆಯ ಮಾತು, ಕೈಯಲ್ಲಿ ಯಾವಾಗಲೂ ಫೋನು. ಅವನ ಕೈಕೆಳಗೆ ಸಂದೇಶ ಎಂಬ ನಮ್ಮ ಕಡೆಯದೇ ಹುಡುಗನೊಬ್ಬ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದ. ಇಬ್ಬರೂ ಬರುತ್ತಿದ್ದರು, ನನ್ನ ಬೆಳೆಯ ಎತ್ತರ ಅಳೆಯುತ್ತಿದ್ದರು, ಫೋಟೋ ತೆಗೆಯುತ್ತಿದ್ದರು, ಧಾಬಾದಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ನನ್ನ ಹೊಲ ದಾಟಿ ಹಿಂದಕ್ಕೆ ಅವರು ಒಂದು ಹೆಜ್ಜೆ ಇಟ್ಟದ್ದನ್ನು ನಾನು ಕಂಡಿಲ್ಲ. ಹಿಂದೆ ಕೆಸರು ಇತ್ತಲ್ಲ.

ಆ ಕೆಸರಿನಾಚೆ, ಕಾಡಿನಂಚಿಗೆ ತಿಮ್ಮಕ್ಕನ ಹೊಲ. ಗಂಡ ತೀರಿಕೊಂಡ ಮೇಲೆ ಅವನ ಪಾಲಿನ ತುಂಡನ್ನು ತಾನೇ ಮಾಡುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು. ಮೈದುನ ಕೆರಿಯನಿಗೆ ಅದು ಸರಿಬರಲಿಲ್ಲ. ಹೆಂಗಸು ಒಬ್ಬಳೇ ಏನು ಕಿಸಿಯುತ್ತಾಳೆ ಎಂಬುದು ಅವನ ಲೆಕ್ಕ. ಕೊನೆಗೆ ಊರಿನ ಹಿರಿಯರು ಕೂತು ಒಂದು ಮಾತು ಮಾಡಿದರು. ಈ ಮಳೆಗಾಲದ ಬೆಳೆ ಕೈಗೆ ಬಂದರೆ ಹೊಲ ತಿಮ್ಮಕ್ಕನ ಕೈಯಲ್ಲೇ ಇರಲಿ, ಬರದಿದ್ದರೆ ಕೆರಿಯ ಮಾಡಿಕೊಂಡು ಅವಳಿಗೆ ಉಣ್ಣಲು ಹಾಕಲಿ. ಉಣ್ಣಲು ಹಾಕುವುದು ಅಂದರೆ ಅವನ ಮನೆಯಲ್ಲಿ ಪಾತ್ರೆ ತಿಕ್ಕಿಕೊಂಡು ಬಿದ್ದಿರುವುದು. ಅದು ಹಿರಿಯರಿಗೂ ಗೊತ್ತು, ತಿಮ್ಮಕ್ಕನಿಗೂ ಗೊತ್ತು. ಆ ವರ್ಷ ಅವಳು ದುಡಿದದ್ದನ್ನು ನೋಡಿದ್ದೇನೆ. ಬೆಳೆ ನನ್ನದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಬೋರ್ಡು ಮಾತ್ರ ಇರಲಿಲ್ಲ.

ಹುಳ ಬಿದ್ದದ್ದು ಮೊದಲು ಅವಳ ಹೊಲಕ್ಕೆ. ಎಲೆ ಜಾಲರಿಯಾಯಿತು, ಸುಳಿಯೊಳಗೆ ಹಿಕ್ಕೆ ತುಂಬಿತು. ಶಶಾಂಕ ಬಂದಾಗಲೆಲ್ಲ ತಿಮ್ಮಕ್ಕ ರಸ್ತೆಗೆ ಬಂದು ಒಮ್ಮೆ ಬಂದು ನೋಡಿ ಎಂದು ಕರೆದಳು. ಮುಂದಿನ ಸಲ ಖಂಡಿತ ಎಂದು ಅವನು ಹೇಳಿದ. ಆ ಮುಂದಿನ ಸಲ ಬಂತು. ಆದರೆ ಅವತ್ತು ಅವರು ಬಂದದ್ದು ಬೋರ್ಡಿನ ಕೆಲಸಕ್ಕೆ. ದೊಡ್ಡ ಸಾಹೇಬರ ಭೇಟಿ ಹತ್ತಿರ ಬಂದಿತ್ತು, ಮಳೆಗೆ ಹುಲ್ಲು ಬೆಳೆದು ಯೋಜನೆಯ ಹೆಸರು ಅರ್ಧ ಮುಚ್ಚಿಹೋಗಿತ್ತು. ಸಂದೇಶ ಪಂಪು ಬೆನ್ನಿಗೇರಿಸಿ ಬೋರ್ಡಿನ ಸುತ್ತ ಹುಲ್ಲಿಗೆ ಹೊಡೆದ. ನಾನು ಚಹಾ ತರಲು ಧಾಬಾಕ್ಕೆ ಹೋದೆ. ತಟ್ಟೆ ಹಿಡಿದು ವಾಪಸು ಬರುವಾಗ ತಿಮ್ಮಕ್ಕ ಅದೇ ಪಂಪು ಹೊತ್ತು ತನ್ನ ಹೊಲದ ಕಡೆ ಹೋಗುತ್ತಿದ್ದಳು. ಪಾಪ, ಸಾಹೇಬರು ಕೊನೆಗೂ ಏನೋ ಸಹಾಯ ಮಾಡಿದರಲ್ಲ ಎಂದು ನಾನು ಖುಷಿಪಟ್ಟೆ.

ನಡುವೆ ಏನಾಯಿತು ಎಂಬುದನ್ನು ಆಮೇಲೆ ಮೂವರೂ ಹೇಳಿದರು, ಮೂವರೂ ಹೇಳಿದ್ದು ಒಂದೇ. ತಿಮ್ಮಕ್ಕ ಹುಳ ಹಿಡಿದ ಗಿಡವನ್ನೇ ಕಿತ್ತು ತಂದು ತೋರಿಸಿದಳು. ಶಶಾಂಕ ನೋಡಿದ. ಬೇವಿನ ಎಣ್ಣೆ ಹೊಡೆಯಿರಿ, ನೇರ ಸುಳಿಯೊಳಗೆ ಬೀಳಬೇಕು ಎಂದ. ಎಣ್ಣಿ ಎಲ್ಲಿಂದ ತರಲಿ ಎಂದು ಅವಳು ಕೇಳಿದಳು. ಪ್ರಾತ್ಯಕ್ಷಿಕೆಗೆಂದು ತಂದ ಬೇವಿನ ಎಣ್ಣೆ ಇರಬಹುದೆಂದು ಅವನು ಅಷ್ಟು ದೂರದಲ್ಲಿ ಬೋರ್ಡು ಒರೆಸುತ್ತಿದ್ದ ಸಂದೇಶನನ್ನು ಕೂಗಿ ಕೇಳಿದ.

“ಸಂದೇಶ, ಎಣ್ಣೆ ಉಳಿದಿದೆಯಾ?”

“ಐತ್ರಿ ಸರ್, ಪಂಪಿನ್ಯಾಗ ಐತಿ.”

“ಹಾಗಾದ್ರೆ ಇವರಿಗೆ ಕೊಟ್ಟುಬಿಡು.”

ನಮ್ಮ ಕಡೆ ಹುಳಕ್ಕೆ ಹೊಡೆಯುವುದೂ ಎಣ್ಣಿ, ರೋಗಕ್ಕೆ ಹೊಡೆಯುವುದೂ ಎಣ್ಣಿ, ಹುಲ್ಲು-ಕಸ ಸಾಯಿಸುವುದೂ ಎಣ್ಣಿ. ಪಂಪಿನಲ್ಲಿ ಉಳಿದದ್ದು ಆ ಕಸದ ಎಣ್ಣಿ. ಅಂಗಡಿಯವನೊಬ್ಬ ಮಾತ್ರ ಯಾವುದಕ್ಕೆ ಎಂದು ಕೇಳಿ ಕೊಡುತ್ತಾನೆ, ಅವನಿಗೆ ನಾಳೆಯೂ ಗಿರಾಕಿ ಬೇಕಲ್ಲ. ಹೆಂಗಸಿಗೆ ಬದುವಿನ ಹುಲ್ಲಿಗೆ ಬೇಕಿರಬೇಕು ಎಂದುಕೊಂಡು ಸಂದೇಶ ಕೊಟ್ಟ. ಸಾಹೇಬರೇ ಹೇಳಿದ ಎಣ್ಣಿ ಎಂದುಕೊಂಡು ತಿಮ್ಮಕ್ಕ ಹೊತ್ತಳು. ಒಂದು ಗಿಡವನ್ನೂ ಬಿಡದೆ, ಹೇಳಿದ ಹಾಗೆಯೇ, ಬಗ್ಗಿ ಬಗ್ಗಿ ಸುಳಿಯೊಳಗೆ ಬಿಟ್ಟಳು. ಅವನ ಮಾತನ್ನು ಇಡೀ ಕಿರವತ್ತಿಯಲ್ಲಿ ಅಷ್ಟು ನಿಯತ್ತಿನಿಂದ ಪಾಲಿಸಿದವರು ಮತ್ತೊಬ್ಬರಿಲ್ಲ.

ಬೋರ್ಡಿನ ಸುತ್ತಲ ಹುಲ್ಲು, ತಿಮ್ಮಕ್ಕನ ಗೋವಿನಜೋಳ, ಎರಡೂ ಒಟ್ಟಿಗೇ ಹಳದಿಯಾದವು, ಒಟ್ಟಿಗೇ ಸತ್ತವು. ದೊಡ್ಡ ಸಾಹೇಬರು ಬಂದ ದಿನ ಬೋರ್ಡು ಚೊಕ್ಕಟವಾಗಿ ಕಾಣುತ್ತಿತ್ತು. ಅವರು ಗಾಡಿಯ ಗಾಜು ಇಳಿಸಿ ನನ್ನ ಹೊಲ ನೋಡಿ ತಲೆಯಾಡಿಸಿದರು. ನನಗೆ ಅವರ ಮುಖಕ್ಕೆ ಏನಾದರೂ ಎಸೆಯೋಣ ಅನ್ನಿಸಿತು, ಕೈಯಲ್ಲಿ ಹೂಗುಚ್ಛ ಮಾತ್ರ ಇತ್ತು.

ಆಮೇಲೆ ನಾನೂ ತಿಮ್ಮಕ್ಕನೂ ಯಲ್ಲಾಪುರದ ಕಚೇರಿಯವರೆಗೆ ಹೋಗಿ ಶಶಾಂಕನನ್ನು ಹಿಡಿದೆವು. ಬೇವಿನ ಎಣ್ಣೆ ಅಂತಲೇ ಹೇಳಿದ್ದೆ ಎಂದ ಅವನು. ನಿಜ, ಹೇಳಿದ್ದ. ಎಣ್ಣಿ ಐತೇನು ಅಂತ ಕೇಳಿದರು, ಇತ್ತು, ಕೊಟ್ಟೆ ಎಂದ ಸಂದೇಶ. ಅದೂ ನಿಜ. ಯಾರೂ ಸುಳ್ಳು ಹೇಳಲಿಲ್ಲ, ನನಗೆ ಸಿಟ್ಟು ಬರುವುದೇ ಅದಕ್ಕೆ. ಬೇವಿನ ವಾಸನೆ ಬರಲಿಲ್ಲ ಅಂತ ಗೊತ್ತಾಗಲಿಲ್ಲವೇ ಎಂದು ಶಶಾಂಕ ತಿಮ್ಮಕ್ಕನನ್ನೇ ಕೇಳಿದ.

“ಸರಕಾರದ ಎಣ್ಣಿಗೆ ಸರಕಾರದ ವಾಸನಿ ಇರತೈತಿ ಅಂದ್ಕೊಂಡೆ ನಾ,” ಎಂದಳು ತಿಮ್ಮಕ್ಕ.

ಅವನಿಗೂ ಮನಸ್ಸಿಗೆ ತಟ್ಟಿರಬೇಕು, ಸ್ವಲ್ಪ ಹೊತ್ತು ಫೋನು ನೋಡಲಿಲ್ಲ. ನಮ್ಮ ಊರಿನ ಹಿರಿಯರ ಹತ್ತಿರ ನೀವೇ ಬಂದು ಒಂದು ಮಾತು ಹೇಳಿ, ಇವಳ ತಪ್ಪಲ್ಲ ಅಂತ, ಅಷ್ಟು ಸಾಕು ಎಂದು ನಾನು ಕೇಳಿಕೊಂಡೆ. ಊರಿನೊಳಗಿನ ವಿಷಯಕ್ಕೆ ಯೋಜನೆ ತಲೆಹಾಕುವಂತಿಲ್ಲ ಎಂದ. ತಿಮ್ಮಕ್ಕ ಅಲ್ಲಿ ಅಳಲಿಲ್ಲ. ಬಸ್ಸಿನಲ್ಲಿ ನನ್ನ ಹೆಗಲಿಗೆ ಮುಖವಿಟ್ಟು ಕಿರವತ್ತಿಯವರೆಗೂ ಅತ್ತಳು. ಹೊಲ ಕೆರಿಯನಿಗೆ ಹೋಯಿತು.

ಮುಂದಿನ ಮಳೆಗಾಲಕ್ಕೆ ಯಲ್ಲಾಪುರದ ಸಭಾಂಗಣದಲ್ಲಿ ರೈತರ ತರಬೇತಿ ನಡೆಯಿತು. ಬೋರ್ಡಿನ ರೈತ ಮಹಿಳೆಯೆಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹೊಲ ಈಗ ಯಾರ ಕೈಯಲ್ಲಿದೆಯೋ ಅವರನ್ನು ಕರೆಯಬೇಕಲ್ಲ, ಹಾಗಾಗಿ ಕೆರಿಯನೂ ಬಂದಿದ್ದ. ಯೋಜನೆಯವರು ಹಂಚಿದ ಟೊಪ್ಪಿ ಹಾಕಿಕೊಂಡು ನನ್ನ ಹಿಂದೆಯೇ ಕೂತಿದ್ದ. ಶಶಾಂಕ ಪರದೆಯ ಮೇಲೆ ಚಿತ್ರ ತೋರಿಸುತ್ತ ಹೋದ. ನನ್ನ ಹೊಲ ಬಂತು, ಚಪ್ಪಾಳೆಯೂ ಬಂತು. ಅದರ ಮುಂದಿನದು ಸುಟ್ಟು ನಿಂತ ಗೋವಿನಜೋಳ, ಕಾಡಿನಂಚು, ಮೂಲೆಯಲ್ಲಿ ತಿಮ್ಮಕ್ಕ ಬೆನ್ನು ಹಾಕಿ ಕೂತದ್ದು. ಚಿತ್ರದ ಕೆಳಗೆ ‘ಸಲಹೆ ಪಾಲಿಸದ ಹೊಲ’ ಎಂದು ಬರೆದಿತ್ತು. ಒಂದು ದಿನವೂ ನಡೆದು ಬಾರದವನು ಆ ಫೋಟೋ ತೆಗೆಯಲು ಮಾತ್ರ ಕೆಸರು ದಾಟಿದ್ದ.

ಏನಾದರೂ ಪ್ರಶ್ನೆ ಇದೆಯೇ ಎಂದು ಅವನು ಕೇಳಿದ. ನಾನು ಎದ್ದು ನಿಂತೆ. ಹೇಳಬೇಕೆಂದುಕೊಂಡದ್ದು ಬಹಳವಿತ್ತು, ಹೊರಬಂದದ್ದು ಒಂದೇ ಮಾತು.

“ಸಾಹೇಬ್ರ, ಎಣ್ಣಿ ಅಂದ್ರ ಏನ್ರಿ?”

ಕುಡಿಯುವ ಎಣ್ಣೆಯ ಮಾತೆಂದು ಯಾರಿಗೋ ಹೊಳೆಯಿತು, ಕಿಸಕ್ಕೆಂದರು. ಆಮೇಲೆ ಇಡೀ ಸಭಾಂಗಣ ಹೋ ಎಂದು ನಕ್ಕಿತು. ಕೆರಿಯ ಎಲ್ಲರಿಗಿಂತ ಜೋರಾಗಿ ನಕ್ಕ. ಶಶಾಂಕನಿಗೆ ಮಾತ್ರ ಅರ್ಥವಾಗಿತ್ತು, ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಅವನು ನಕ್ಕ, ಅದನ್ನು ಸಂಜೆ ಮಾತಾಡೋಣ ಎಂದು ಊಟಕ್ಕೆ ಬಿಟ್ಟ.

ಮರುದಿನ ತಿಮ್ಮಕ್ಕ ನನ್ನ ಹೊಲಕ್ಕೆ ಕೂಲಿಗೆ ಬಂದಿದ್ದಳು. ಈಗ ವಾರದಲ್ಲಿ ಹೆಚ್ಚು ದಿನ ಬರುತ್ತಾಳೆ, ಕೆರಿಯನ ಮನೆಯಲ್ಲಿ ಪಾತ್ರೆ ಮುಗಿಸಿಕೊಂಡು. ಬೋರ್ಡಿನ ಬುಡದಲ್ಲಿ ಮತ್ತೆ ಹುಲ್ಲು ಎದ್ದಿತ್ತು. ಸಂದೇಶ ಪಂಪು ತಂದಿಟ್ಟು ಹೋಗಿದ್ದ. ತರಬೇತಿಯಲ್ಲಿ ತನ್ನ ವಿಷಯ ಕೇಳಿದೆಯಾ, ಏನಂದರು ಎಂದು ಅವಳು ವಿಚಾರಿಸಿದಳು. ಅವರು ನಕ್ಕರು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಪಂಪು ಎತ್ತಲು ಬಗ್ಗಿದೆ. ಅವಳು ಬೋರ್ಡಿನ ಕೆಳಗೆ ಕುಕ್ಕರಗಾಲಲ್ಲಿ ಕೂತು, ಹುಲ್ಲಿನ ಬುಡಕ್ಕೆ ಕೈ ಹಾಕಿದಳು.

“ಆ ಪಂಪ್ ಮುಟ್ಟಬ್ಯಾಡ ತಂಗಿ,” ಎಂದಳು. “ಇದನ್ನ ನಾ ಕೈಲೇ ಕೀಳತೇನಿ.”