ದೊಡ್ಡಗಂಗಮ್ಮನ ಸುಣ್ಣದ ಡಬ್ಬಿ

ಟೇಕಲ್ ಸ್ಟೇಷನ್ನಿನ ಗುಮಾಸ್ತ ಚನ್ನರಾಯಪ್ಪನ ಮಗಳು ಆದಿಲಕ್ಷ್ಮಿ, ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಬೊಂಬಾಯಿಯಿಂದ ಊರಿಗೆ ಬಂದಳು. ನೌಕಾಪಡೆಯ ಕಚೇರಿಯಲ್ಲಿ ಹಡಗುಗಳ ತಂತಿ ಸುದ್ದಿ ಬರೆದುಕೊಳ್ಳುವುದು ಅವಳ ಕೆಲಸವಾಗಿತ್ತು. ಹಡಗು ಹತ್ತಿದವಳೇ ಅಲ್ಲ. ಆದರೆ ಪಕ್ಕದ ಮನೆಯ ದೊಡ್ಡಗಂಗಮ್ಮನ ಬಾಯಲ್ಲಿ ಅವಳು ನೂರು ಹಡಗು ನಡೆಸಿ, ತಿಮಿಂಗಿಲಕ್ಕೆ ಮೂಗುದಾರ ಹಾಕಿ ಬಂದವಳು.

ಆ ಬೇಸಿಗೆ ಮಾಲೂರಿನ ಕಡೆ ಸಿಡುಬು ಬಿತ್ತು. ದೊಡ್ಡಗಂಗಮ್ಮ ಮಾತ್ರ ನಿಶ್ಚಿಂತೆಯಾಗಿ ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದಳು. ಪಕ್ಕದಲ್ಲಿ ಮೂರು ವರ್ಷದ ಮೊಮ್ಮಗಳು ಮುತ್ಯಾಲಮ್ಮ ಹುಣಸೆಬೀಜ ಆಡುತ್ತಿತ್ತು.

"ಮಗೂಗೆ ದೇವಿ ಹಾಕ್ಸಿದ್ದೀಯಾ ಅಜ್ಜಿ?" ಎಂದಳು ಆದಿಲಕ್ಷ್ಮಿ. ಸಿಡುಬಿನ ಲಸಿಕೆ ಹಾಕಿಸುವುದಕ್ಕೆ ಊರಲ್ಲಿ ದೇವಿ ಹಾಕಿಸುವುದು ಎನ್ನುತ್ತಿದ್ದರು.

"ಹೋದ ತಿಂಗಳೇ ಹಾಕ್ಸಿದೀನಿ ಕಣೇ. ಆ ದೇವಿ ಹಾಕೋ ಶ್ರೀನಿವಾಸಪ್ಪ ಬಂದು ಗೀರಿ ಹೋದ."

ಆದಿಲಕ್ಷ್ಮಿ ಮಗುವಿನ ತೋಳು ನೋಡಿದಳು. ಬೆಣ್ಣೆಯ ಹಾಗೆ ನುಣ್ಣಗಿತ್ತು.

"ಗುರುತೇ ಇಲ್ವಲ್ಲ."

ದೊಡ್ಡಗಂಗಮ್ಮ ಸುಣ್ಣದ ಡಬ್ಬಿಯ ಕಡೆ ನೋಡಿದಳು. "ಅವನು ಅತ್ತ ತಿರುಗ್ತಿದ್ದಂಗೆ ಸೆರಗಲ್ಲಿ ಒರೆಸಿ ಸುಣ್ಣ ಹಚ್ಬಿಟ್ಟೆ. ಸಿಡುಬಿನ ಅಮ್ಮ ಮುತ್ಯಾಲಮ್ಮನ ಹೆಸ್ರೇ ಇಟ್ಟಿದೀನಿ, ತನ್ನ ಹೆಸ್ರಿನ ಮಗೂನ ಅವಳೇ ಕಾಯಲ್ವಾ?"

"ಹೆಸ್ರು ಇಟ್ಟಿದೀನಿ ಅಂತ ಮುದ್ದೆ ಹಾಕೋದು ಬಿಟ್ಟಿದೀಯಾ?"

"ಸಮುದ್ರದ ಉಪ್ಪು ತಿಂದು ಬಾಯಿ ಜೋರಾಗೈತೆ ನಿಂದು. ಎತ್ತಿಗೆ ಬರೆ ಹಾಕ್ದಂಗೆ ಹಡಗಿನೋರು ನಿನ್ನ ತೋಳಿಗೆ ಮುದ್ರೆ ಒತ್ತಿ ಕಳ್ಸವ್ರೆ. ನನ್ನ ಮೊಮ್ಮಗಳಿಗೂ ಹಂಗೇ ಆದ್ರೆ ಯಾರೇ ಕಟ್ಕೊಳ್ತಾರೆ?"

ಆದಿಲಕ್ಷ್ಮಿ ನಕ್ಕಳು. "ಇದು ಹಡಗಿನ ಮುದ್ರೆ ಅಲ್ಲ ಅಜ್ಜಿ, ದೇವಿ ಹಾಕಿದ ಗುರುತು. ಕೆಲಸಕ್ಕೆ ಸೇರಿದಾಗ ನಮಗೆಲ್ಲ ಹಾಕಿದ್ರು. ನಾವಿದ್ದ ಹಾಸ್ಟೆಲಲ್ಲಿ ನನ್ನ ಪಕ್ಕದ ಮಂಚದ ಹುಡುಗಿ, ತೋಳು ಅಂದಗೆಡುತ್ತೆ ಅಂತ ಸೋಪು ಹಾಕಿ ತೊಳ್ಕೊಂಡ್ಲು. ಎಂಟನೇ ದಿನ ಗುಳ್ಳೆ ಎದ್ದು ದೇವಿ ಹಿಡಿದಿದೆಯಾ ಅಂತ ಡಾಕ್ಟರು ತೋಳು ನೋಡೋಕೆ ಬಂದಾಗ ತಪ್ಪಿಸ್ಕೊಂಡ್ಲು."

"ಆಮೇಲೆ?"

"ಸಿಡುಬು ಬಂತು. ಬದುಕಿದ್ಲು. ಎರಡು ಕಣ್ಣೂ ಹೋದ್ವು. ಈಗ ನನಗೆ ಬೇರೆಯೋರ ಕೈಲಿ ಕಾಗದ ಬರೆಸ್ತಾಳೆ."

ದೊಡ್ಡಗಂಗಮ್ಮನ ಬಾಯಿ ಮೆಲ್ಲುವುದನ್ನು ನಿಲ್ಲಿಸಿತು. ಮುತ್ಯಾಲಮ್ಮ ಒಂದು ಬೀಜ ಎತ್ತಿ ಹಿಡಿದು, "ನೋಡಜ್ಜಿ, ಕೆಂಪಗೈತೆ" ಎಂದಿತು. ಅಜ್ಜಿ ಬೀಜ ನೋಡಲಿಲ್ಲ. ಮಗುವಿನ ಕಣ್ಣನ್ನೇ ನೋಡಿದಳು.

"ಶ್ರೀನಿವಾಸಪ್ಪ ಈಗ ಎಲ್ಲವ್ನೆ?"

"ಸ್ಟೇಷನ್ನಲ್ಲಿ, ಮಾಲೂರಿನ ರೈಲಿಗೆ ಕಾಯ್ತಿದಾನೆ."

ದೊಡ್ಡಗಂಗಮ್ಮ ಸುಣ್ಣದ ಡಬ್ಬಿ ಸೊಂಟಕ್ಕೆ ಸಿಕ್ಕಿಸಿ, ಮಗುವನ್ನು ಕಂಕುಳಿಗೆ ಏರಿಸಿಕೊಂಡು ಹೊರಟಳು. ಆದಿಲಕ್ಷ್ಮಿಯೂ ಹಿಂದೆಯೇ ಹೋದಳು. ರೈಲಿಗಿಂತ ಜೋರಾಗಿ ಓಡಿದೆ ಎಂದು ಈಗಲೂ ಹೇಳುತ್ತಾಳೆ. ರೈಲು ಒಂದು ಗಂಟೆ ತಡವಾಗಿದ್ದನ್ನು ಹೇಳುವುದಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆಯೇ ಶ್ರೀನಿವಾಸಪ್ಪ ಮತ್ತೆ ದೇವಿ ಹಾಕಿದ. ಮಗು ಅತ್ತಿತು. ದೊಡ್ಡಗಂಗಮ್ಮನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಸುಣ್ಣದ ಡಬ್ಬಿ ತೆಗೆದು ಆದಿಲಕ್ಷ್ಮಿಯ ಕೈಗಿಟ್ಟಳು.

"ಎಂಟು ದಿನ ನಿನ್ನ ಹತ್ರಾನೇ ಇರ್ಲಿ. ನನ್ನ ಕೈ ಮೇಲೆ ನನಗೇ ನಂಬ್ಕೆ ಇಲ್ಲ."

ಎಂಟನೇ ದಿನ ಮಗುವಿನ ತೋಳಲ್ಲಿ ಗುಳ್ಳೆ ಎದ್ದಿತ್ತು, ದೇವಿ ಹಿಡಿದಿತ್ತು. ಕುಂಬಳಕಾಯಿಯಷ್ಟು ದಪ್ಪ ಎಂದು ಅಜ್ಜಿ ಊರೆಲ್ಲ ಸಾರಿ ಬಂದಳು. ಇದ್ದದ್ದು ಅವರೆಕಾಳಿನಷ್ಟು.

ಅವ್ವಂದಿರೇ, ಅಜ್ಜಿಯರೇ, ಮಗುವಿಗೆ ದೇವಿ ಹಾಕಿಸಿ. ಹಾಕಿದ ಜಾಗವನ್ನು ಒರೆಸಬೇಡಿ, ತೊಳೆಯಬೇಡಿ, ಏನನ್ನೂ ಹಚ್ಚಬೇಡಿ. ಎಂಟನೇ ದಿನ ತೋಳು ನೋಡಿ. ಗುಳ್ಳೆ ಏಳದಿದ್ದರೆ ಮತ್ತೆ ಹಾಕಿಸಿ. ನಿಮ್ಮ ಸುಣ್ಣ ವೀಳ್ಯದೆಲೆಗೇ ಇರಲಿ.