ಹೌದು ಎಂದ ನಾಲ್ಕು ಮನೆಗಳು

ಸೀತೂರಿನ ಪರಮಶಿವಯ್ಯನವರು ನಲವತ್ತು ವರ್ಷದಿಂದ ಮುರಿದ ಮೂಳೆಗೆ ಕಟ್ಟು ಹಾಕುತ್ತಿದ್ದರು. ಕೈಕಾಲು ಮುರಿದುಕೊಂಡವರು ನರಸಿಂಹರಾಜಪುರದಿಂದಲೂ ಕೊಪ್ಪದಿಂದಲೂ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಪೇಟೆಯ ಡಾಕ್ಟರೊಬ್ಬರು ನಾಲ್ಕು ಜನರೆದುರು ತಮ್ಮನ್ನು ‘ನಕಲಿ’ ಎಂದದ್ದು ಮಾತ್ರ ಅವರ ಮನಸ್ಸಿನಿಂದ ಹೋಗಿರಲಿಲ್ಲ.

ಹೋದ ವರ್ಷ, ನಾಟಿ ವೈದ್ಯರ ಹತ್ತಿರ ಈಗ ಎಷ್ಟು ಜನ ಹೋಗುತ್ತಾರೆಂದು ಮನೆಮನೆ ಸಮೀಕ್ಷೆ ನಡೆಯಿತು. ಪರಮಶಿವಯ್ಯನವರ ಮಗಳು ಸರ್ವಮಂಗಳಾಳೇ ಊರಿನ ಆಶಾ ಕಾರ್ಯಕರ್ತೆ. ಕೆಲಸ ಅವಳಿಗೇ ಬಿತ್ತು. ಜನ ಹೆಚ್ಚು ಹೋಗುವ ವೈದ್ಯರಿಗೆ ಗುರುತಿನ ಚೀಟಿ ಕೊಡುತ್ತಾರಂತೆ ಎಂದು ಅವಳು ಹೇಳಿದ್ದೇ ತಡ, ಪರಮಶಿವಯ್ಯನವರು ಪೇಟೆಗೆ ಹೋಗಿ ಫೋಟೊ ತೆಗೆಸಿಕೊಂಡು ಬಂದರು.

ಸರ್ವಮಂಗಳಾ ಮೊದಲು ಹೋದದ್ದು ನಿವೃತ್ತ ಮೇಷ್ಟ್ರು ರೇಣುಕಾಪ್ರಸಾದರ ಮನೆಗೆ. ಅವರ ಹೆಂಡತಿ ವಿಜಯ ಬಚ್ಚಲಲ್ಲಿ ಜಾರಿ ಬಿದ್ದು, ಜಾರಿದ ಭುಜವನ್ನು ಪರಮಶಿವಯ್ಯನವರೇ ಕೂರಿಸಿ ಹದಿನೈದು ದಿನವಾಗಿತ್ತು. ಪ್ರಶ್ನೆ ಕೇಳಿದಾಗ ಮೇಷ್ಟ್ರು, ತಮ್ಮ ಮನೆಯಲ್ಲಿ ಯಾರಿಗೆ ಏನೇ ಆದರೂ ಶಿವಮೊಗ್ಗದ ಆಸ್ಪತ್ರೆಗೇ ಹೋಗುವುದು ಎಂದರು.

“ಮತ್ತೆ ಅಕ್ಕನ ಭುಜ?” ಎಂದಳು ಸರ್ವಮಂಗಳಾ.

“ಅದು ಎಂತ ಚಿಕಿತ್ಸೆ ಮಾರಾಯ್ತಿ, ಪರಿಚಯದವರು ಎಳೆದು ಕೂರಿಸಿದ್ದು. ಮಗಳು ಮೆಡಿಕಲ್ ಓದ್ತಿದಾಳೆ. ಹೆಸರು ಹಾಕಿ ಬರ್ಕೊಂಡ್ರೆ ಚೆನ್ನಾಗಿರಲ್ಲ. ಇಲ್ಲ ಅಂತ ಬರಿ.”

ಬಾಗಿಲಲ್ಲಿ ನಿಂತಿದ್ದ ವಿಜಯ ಸೆರಗನ್ನು ಭುಜದ ಕಟ್ಟಿನ ಮೇಲೆ ಎಳೆದುಕೊಂಡು ಒಳಗೆ ಹೋದರು.

ಉಳಿದ ಮನೆಗಳಲ್ಲೂ ಹೆಚ್ಚುಕಡಿಮೆ ಹೀಗೆಯೇ ಆಯಿತು. ಒಬ್ಬರಿಗೆ ನಾಚಿಕೆ; ಇನ್ನೊಬ್ಬರಿಗೆ ಹೌದು ಎಂದರೆ ಎಲ್ಲಿ ಆಸ್ಪತ್ರೆಯ ಉಚಿತ ಚಿಕಿತ್ಸೆಯ ಕಾರ್ಡು ರದ್ದಾಗುತ್ತದೋ ಎಂಬ ಹೆದರಿಕೆ. ಅವರು ಹೇಳಿದ್ದನ್ನೇ ಅವಳು ಬರೆದುಕೊಂಡಳು. ಎಪ್ಪತ್ತೊಂದು ಮನೆಗಳಲ್ಲಿ ಹೌದು ಎಂದದ್ದು ನಾಲ್ಕು, ಅದರಲ್ಲಿ ಒಂದು ಅವಳದೇ. ಸಂಜೆ ಅಪ್ಪ ಕೇಳಿದಾಗ, ಅರ್ಧ ಊರೇ ನಿಮ್ಮ ಹೆಸರು ಹೇಳಿತು ಎಂದುಬಿಟ್ಟಳು.

ಎರಡು ತಿಂಗಳು ಕಾದು ಪರಮಶಿವಯ್ಯನವರು ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಹೋದರು. ಗುಮಾಸ್ತ ಕಂಪ್ಯೂಟರ್ ನೋಡಿ, ನಿಮ್ಮೂರಲ್ಲಿ ಈಗ ನಾಟಿ ವೈದ್ಯಕ್ಕೆ ಯಾರೂ ಹೋಗುವುದಿಲ್ಲವಂತಲ್ಲ, ನಾಲ್ಕೇ ಮನೆ, ಎಂದ.

ಮನೆಗೆ ಬಂದವರು ಮಗಳ ಎದುರು ಕುಳಿತರು. ಯಾರ್ಯಾರು ‘ಇಲ್ಲ’ ಎಂದರೆಂದು ಕೇಳಲಿಲ್ಲ.

“ಅವರು ಹೇಳಿದ್ದು ನೀನು ಬರೆದೆ, ಅದು ನಿನ್ನ ಕೆಲಸ. ನಂಗೆ ಯಾಕೆ ಸುಳ್ಳು ಹೇಳಿದೆ?”

“ಫೋಟೊ ತೆಗೆಸ್ಕೊಂಡು ಬಂದಿದ್ರಲ್ಲ ಅಪ್ಪ. ನಿಜ ಹೇಳಕ್ಕೆ ಬಾಯಿ ಬರ್ಲಿಲ್ಲ.”

“ಆ ಗುಮಾಸ್ತ ನನ್ನ ನೋಡಿ ನಕ್ಕ ಮಂಗಳ. ನೀನು ಮೊದಲೇ ಹೇಳಿದ್ರೆ ಮನೇಲೇ ಮುಗೀತಿತ್ತು.”

ಅಂದಿನಿಂದ ಅವರು ಯಾರನ್ನೂ ಮುಟ್ಟಲಿಲ್ಲ. ಬಂದವರನ್ನು ಸರ್ವಮಂಗಳಾ ಗೇಟಿನಲ್ಲೇ ನಿಲ್ಲಿಸಿ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಳು. ಅಪ್ಪ ಒಳಗೆ ಕಿಟಕಿಯ ಬಳಿ ಕುಳಿತು, ಬಂದವರು ನರಳುವುದನ್ನು ಕೇಳಿಸಿಕೊಳ್ಳುತ್ತಿದ್ದರು. ಮೂಳೆ ಕೂರಿಸುವಾಗಿನಂತೆ ಅವರ ಬೆರಳುಗಳು ತಮ್ಮಷ್ಟಕ್ಕೆ ಅಲುಗುತ್ತಿದ್ದವು. ಪರಮಶಿವಯ್ಯನಿಗೆ ವಯಸ್ಸಾದ ಮೇಲೆ ಸೊಕ್ಕು ಬಂತು ಎಂದು ಊರಲ್ಲಿ ಮಾತಾಯಿತು. ಅದನ್ನು ಹೇಳಲು ಮಾತ್ರ ಯಾರೂ ನಾಚಲಿಲ್ಲ.